ಬಾಚಿಯ ಬಾಯಿಗೆ ಹೊಸ ಉಕ್ಕು

ಎಪ್ಪತ್ತು ದಾಟಿದ ಬಡಗಿಯೊಬ್ಬರು ಬಗಲಚೀಲದಿಂದ ಹಳೆಯ ಬಾಚಿಯೊಂದನ್ನು ತೆಗೆದು ಕಮ್ಮಾರರ ಅಡಿಗಲ್ಲಿನ ಮೇಲಿಟ್ಟರು. ಏನು ಮಾಡಬೇಕೆಂದು ಹೇಳಲಿಲ್ಲ. ಕಮ್ಮಾರರು ಅದನ್ನೆತ್ತಿಕೊಂಡು ಬಾಯಿಯ ಉದ್ದಕ್ಕೆ ಹೆಬ್ಬೆರಳಾಡಿಸಿದರು, ಬೆನ್ನಿಗೆ ಉಗುರಿನಿಂದ ತಟ್ಟಿ ಕಿವಿಗೊಟ್ಟರು.

“ಕಾಕಾ, ಹೊಟ್ಟಿ ಇನ್ನೂ ಗಟ್ಟಿ ಐತ್ರಿ. ಬಾಯಾಗಿನ ಉಕ್ಕು ಅಷ್ಟ ತೀರೈತಿ.”

“ಅದಕ್ಕ ತಂದೀನಿ ತಮ್ಮಾ. ಹದ ಈ ಸಲ ಸ್ವಲ್ಪ ಇಳಸು. ಹ್ವಾದ ಸಲ ಜಾಲಿ ಗಂಟಿಗೆ ಹತ್ತಿ ಚೂರು ಹಾರಿತ್ತು.”

ಇಷ್ಟೇ ಮಾತು. ಮುಂದಿನ ಮೂರು ಗಂಟೆಗಳ ಕೆಲಸಕ್ಕೆ ಬೇಕಾದ ಎಲ್ಲ ವಿವರವೂ ಇದರಲ್ಲಿ ಅಡಕವಾಗಿತ್ತೆಂಬುದು ನನಗೆ ಅರಿವಾದದ್ದು ಸಂಜೆಗೆ.

ಅಕ್ಕಲಕೋಟೆ ತಾಲೂಕಿನಲ್ಲಿ, ಬೋರಿ ಹೊಳೆಯಿಂದ ಸ್ವಲ್ಪ ದೂರದ ಒಂದು ಊರು ಅದು. ಕುಲುಮೆ ಊರ ಹೊರಗಿನ ಬೇವಿನ ಮರದ ಪಕ್ಕದಲ್ಲಿದೆ. ಒಂದೇ ಬಾಗಿಲು, ಇರುವ ಒಂದು ಕಿಟಕಿಗೂ ಗೋಣಿತಟ್ಟು ತೂಗುಬಿಟ್ಟಿದೆ. ಗೋಡೆಯ ಮೇಲೆ ಹೊಗೆ ಹಿಡಿದ ಕಾಳಮ್ಮನ ಪಟ. ಕಮ್ಮಾರರ ಅಜ್ಜನ ಕಾಲದ ತಿದಿ ಈಗ ಅಟ್ಟದ ಮೇಲಿದೆ. ಅದರ ತೊಗಲು ಬಿರಿದುಹೋಗಿದೆ. ಅದರ ಸ್ಥಾನದಲ್ಲಿ ಕೈಯಿಂದ ತಿರುಗಿಸುವ ಗಾಳಿಪಂಖ ಬಂದಿದೆ. ಶಾಲೆಗೆ ರಜೆಯಿರುವ ದಿನಗಳಲ್ಲಿ ಅದನ್ನು ತಿರುಗಿಸುವವಳು ಮಗಳು. ಕನ್ನಡ ಮಾಧ್ಯಮದ ಎಂಟನೆಯ ಇಯತ್ತೆಯಲ್ಲಿ ಓದುತ್ತಾಳೆ. ಮಗ ಪುಣೆಯ ಕಡೆಗೆ ಕಾರ್ಖಾನೆಯ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಯಿತು.

ಬಾಚಿಯನ್ನು ನೋಡದ ಮಕ್ಕಳು ಈಗ ಹಳ್ಳಿಗಳಲ್ಲೂ ಇದ್ದಾರೆ. ಆದುದರಿಂದ ಒಂದೆರಡು ಮಾತು. ಕೊಡಲಿಯ ಬಾಯಿ ಕಾವಿನ ನೇರಕ್ಕಿರುತ್ತದೆ. ಬಾಚಿಯ ಬಾಯಿ ಗುದ್ದಲಿಯಂತೆ ಕಾವಿಗೆ ಅಡ್ಡಲಾಗಿರುತ್ತದೆ. ಬಡಗಿಯು ನೆಲದ ಮೇಲೆ ಕುಳಿತು, ಕಟ್ಟಿಗೆಯನ್ನು ಕಾಲಿನಿಂದ ಒತ್ತಿಹಿಡಿದು, ಒಂದೇ ಕೈಯಲ್ಲಿ ಬಾಚಿಯನ್ನು ಆಡಿಸುತ್ತ ಹೋದರೆ ಸೊಟ್ಟ ದಿಮ್ಮಿ ಸಮವಾಗುತ್ತ ಬರುತ್ತದೆ. ನೇಗಿಲಿನ ಈಸು, ಬಂಡಿಯ ನೊಗ, ಬಾಗಿಲ ಚೌಕಟ್ಟು, ಎಲ್ಲವೂ ಮೊದಲು ಬಾಚಿಯ ಕೆಳಗೆ ಹಾದುಬಂದವೇ. ಗರಗಸ, ರಂದಾಗಳಿಗೆ ಸರದಿ ಆಮೇಲೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವ ಎಂಬವರೊಬ್ಬರಿದ್ದರು. ಕೈಯಲ್ಲಿನ ಉಪಕರಣವೇ ಹೆಸರಿನ ಮುಂದೆ ನಿಂತು ಎಂಟುನೂರು ವರ್ಷ ಉಳಿದುಬಂದಿದೆ.

ಬಾಚಿಯ ಬಾಯಿ ಕಾವಿನ ಕಡೆಗೆ ಎಷ್ಟು ಬಾಗಿರಬೇಕೆಂಬುದು ಎಲ್ಲ ಬಡಗಿಗಳಿಗೂ ಒಂದೇ ಅಳತೆಯಲ್ಲ. ತೋಳು ಉದ್ದವಿದ್ದವರಿಗೆ ಒಂದು ಬಾಗು, ಗಿಡ್ಡವಿದ್ದವರಿಗೆ ಇನ್ನೊಂದು. ಬಾಗು ತಪ್ಪಿದರೆ ಬಾಚಿ ಕಟ್ಟಿಗೆಯೊಳಗೆ ಹೂತುಕೊಳ್ಳುತ್ತದೆ, ಇಲ್ಲವೇ ಮೇಲಿಂದ ಜಾರಿ ಮೊಣಕಾಲಿಗೆ ಬರುತ್ತದೆ. ಈ ಕಮ್ಮಾರರು ಹೊಸ ಬಾಚಿ ಮಾಡುವ ಮೊದಲು ಬಡಗಿಯನ್ನು ನೆಲಕ್ಕೆ ಕೂರಿಸಿ, ಕೈಗೆ ಬರಿಯ ಕಾವು ಕೊಟ್ಟು ನಾಲ್ಕು ಸಲ ಬೀಸಲು ಹೇಳುತ್ತಾರಂತೆ. ಅಳತೆಪಟ್ಟಿ ಹಿಡಿಯುವುದಿಲ್ಲ, ನೋಡುತ್ತಾರೆ ಅಷ್ಟೆ.

ಅಂದು ಬಂದಿದ್ದ ಬಾಚಿಯ ಬೆನ್ನಿನ ಮೇಲೆ ಮೂರು ಚುಕ್ಕೆಗಳ ಗುರುತಿತ್ತು. ಅದು ಕಮ್ಮಾರರ ಅಜ್ಜನ ಗುರುತು. ಬಾಚಿ ಈ ಬಡಗಿಯ ತಂದೆಯದು. ಒಡಲು ಅದೇ, ಬಾಯಿ ಮಾತ್ರ ಎಷ್ಟು ಸಲ ಹೊಸದಾಗಿದೆಯೋ ಇಬ್ಬರಿಗೂ ಲೆಕ್ಕವಿಲ್ಲ. ಇದು ಹೇಗೆಂದರೆ, ಹಳೆಯ ಕಾಲದ ಬಾಚಿ ಪೂರ್ತಿ ಉಕ್ಕಿನದಲ್ಲ. ಒಡಲು ಮೆತ್ತನೆಯ ಕಬ್ಬಿಣ. ಬಾಯಿಯ ಹೊರಮೈಗೆ ಮಾತ್ರ ಎರಡು ಬೆರಳಗಲದ ಉಕ್ಕಿನ ಹಲ್ಲೆಯನ್ನು ಬೆಸೆದಿರುತ್ತಾರೆ. ಕಬ್ಬಿಣಕ್ಕೂ ಉಕ್ಕಿಗೂ ಇರುವ ಮುಖ್ಯ ಭೇದ ಇಂಗಾಲದ್ದು. ಮೆತ್ತನೆಯ ಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಲಾರಿಯ ಕಮಾನುಪಟ್ಟಿಯಲ್ಲಿ, ಇಲ್ಲಿನವರ ಮಾತಿನಲ್ಲಿ ಪಾಟಾದಲ್ಲಿ, ನೂರಕ್ಕೆ ಸುಮಾರು ಅರ್ಧ ಭಾಗ. ಅರದಲ್ಲಿ ಒಂದು ಭಾಗ ಅಥವಾ ಅದಕ್ಕೂ ತುಸು ಹೆಚ್ಚು. ಇಷ್ಟು ಸಣ್ಣ ವ್ಯತ್ಯಾಸದಿಂದ ಒಂದು ಬಾಗುತ್ತದೆ, ಇನ್ನೊಂದು ಬಾಗದೆ ಮುರಿಯುತ್ತದೆ. ಒಡಲು ಏಟನ್ನು ತಾಳಿಕೊಳ್ಳಬೇಕು, ಬಾಯಿ ಹರಿತ ಹಿಡಿಯಬೇಕು. ಒಂದೇ ಲೋಹ ಎರಡನ್ನೂ ಚೆನ್ನಾಗಿ ಮಾಡಲಾರದು. ಜಪಾನಿನ ಬಡಗಿಗಳ ಉಳಿಗಳನ್ನು ಇಂದಿಗೂ ಹೀಗೆಯೇ ಮೆತ್ತನೆಯ ಕಬ್ಬಿಣಕ್ಕೆ ಗಡಸು ಉಕ್ಕು ಬೆಸೆದು ಮಾಡುತ್ತಾರೆ. ಇನ್ನೊಂದು ಅನುಕೂಲವೂ ಉಂಟು. ಸಾಣೆ ಹಿಡಿಯುವಾಗ ಸವೆಸಬೇಕಾದ ಭಾಗದಲ್ಲಿ ಬಹುಪಾಲು ಮೆತ್ತನೆಯ ಕಬ್ಬಿಣವೇ ಇರುವುದರಿಂದ ಬಡಗಿಗೆ ಶ್ರಮ ಕಡಿಮೆ.

ಉಕ್ಕಿಗಾಗಿ ಕಮ್ಮಾರರು ಆರಿಸಿದ್ದು ಹಲ್ಲು ಸವೆದ ಹಳೆಯ ಅರವೊಂದನ್ನು. ಪಾಟಾದಿಂದ ಉಳಿ, ಮಚ್ಚು, ಕುಡುಗೋಲು ಚೆನ್ನಾಗಿ ಆಗುತ್ತವೆ, ಆದರೆ ಅದು ಬೆಸುಗೆಗೆ ಬೇಗ ಒಲಿಯುವುದಿಲ್ಲ ಎಂದರು. ಅರದ ತುಂಡನ್ನು ಕಾಸಿ, ಹಲ್ಲಿನ ಗುರುತು ಉಳಿಯದಂತೆ ಬಡಿದು ತೆಳುವಾದ ಹಲ್ಲೆ ಮಾಡಿದರು. ಚಾಣದ ತುದಿಯಿಂದ ಅದರ ಒಂದು ಮೈಯಲ್ಲಿ ಸಣ್ಣ ಮುಳ್ಳುಗಳನ್ನೆಬ್ಬಿಸಿ, ಆ ಮುಳ್ಳು ಬಾಚಿಯ ಒಡಲಿಗೆ ಕಚ್ಚಿಕೊಳ್ಳುವಂತೆ ಒತ್ತಿ ಬಡಿದರು. ಮೇಲೆ ಬಿಳಿಗಾರ ಮತ್ತು ಹೊಳೆಯ ಸಣ್ಣ ಮರಳನ್ನು ಉದುರಿಸಿ ಇದ್ದಿಲಿನ ನಡುವೆ ಇಟ್ಟರು. ಕಾದ ಕಬ್ಬಿಣದ ಮೇಲೆ ಏಳುವ ಕಿಟ್ಟ ಬೆಸುಗೆಗೆ ವೈರಿ. ಬಿಳಿಗಾರವೂ ಮರಳೂ ಕರಗಿ ಆ ಕಿಟ್ಟವನ್ನು ನೀರಾಗಿಸುತ್ತವೆ, ಸುತ್ತಿಗೆಯ ಮೊದಲ ಏಟಿಗೆ ಅದು ಹೊರಗೆ ಚಿಮ್ಮಿಹೋಗುತ್ತದೆ.

ಇಲ್ಲಿ ಒಂದು ಪ್ರಮಾದವಾಯಿತು, ಮತ್ತು ಅದು ನನ್ನಿಂದ. ಬೆಂಕಿಯೊಳಗಿನ ಕಬ್ಬಿಣ ಕೆಂಪು ಬಿಟ್ಟು ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ಏರುತ್ತಿದ್ದ ಹೊತ್ತಿನಲ್ಲಿ, ಕಿಟಕಿಗೆ ಗೋಣಿತಟ್ಟು ಏಕೆ ಕಟ್ಟಿದ್ದೀರಿ ಎಂದು ನಾನು ಕೇಳಿದೆ. ಅವರು ಸೌಜನ್ಯದಿಂದ ನನ್ನ ಕಡೆ ತಿರುಗಿ ಉತ್ತರಿಸತೊಡಗಿದರು.

“ಅಪ್ಪಾ, ಚುಕ್ಕಿ ಹಾರಾಕತ್ತಾವು!” ಎಂದು ಪಂಖ ಬಿಟ್ಟು ಕೂಗಿದಳು ಮಗಳು.

ಬೆಂಕಿಯಿಂದ ಬಿಳಿಯ ಕಿಡಿಗಳು ಮತಾಪಿನಂತೆ ಚಿಮ್ಮುತ್ತಿದ್ದವು. ಇಕ್ಕಳದಲ್ಲಿ ಹೊರತೆಗೆಯುವಷ್ಟರಲ್ಲಿ ಅರದ ತುಂಡಿನ ಅಂಚು ಒಣರೊಟ್ಟಿಯಂತೆ ಪುಡಿಪುಡಿಯಾಗಿತ್ತು. ಇಂಗಾಲ ಹೆಚ್ಚಿದ್ದಷ್ಟೂ ಉಕ್ಕು ಕಡಿಮೆ ಕಾವಿಗೇ ಕರಗುತ್ತದೆ, ಉರಿಯುತ್ತದೆ. ಒಡಲಿನ ಕಬ್ಬಿಣಕ್ಕೆ ಇನ್ನೂ ಕಾವು ಸಾಲದಿರುವಾಗಲೇ ಬಾಯಿಯ ಉಕ್ಕು ಸುಟ್ಟುಹೋಗಿರುತ್ತದೆ. ಸುಟ್ಟ ಉಕ್ಕಿಗೆ ಮರುಜನ್ಮವಿಲ್ಲ. ಕಮ್ಮಾರರು ನನಗೆ ಒಂದು ಮಾತೂ ಅನ್ನಲಿಲ್ಲ. ಸುಟ್ಟ ಭಾಗವನ್ನು ಚಾಣದಿಂದ ಕಡಿದು ಮೂಲೆಗೆ ಎಸೆದು, ಅರದ ಇನ್ನೊಂದು ತುಂಡನ್ನು ಬೆಂಕಿಗಿಟ್ಟರು. ಬಡಗಿ ಎಲೆಯಡಿಕೆಯ ಚಂಚಿ ಬಿಚ್ಚಿದರು. ಒಂದು ಗಂಟೆಯ ಕೆಲಸ ಮೊದಲಿನಿಂದ ಆರಂಭವಾಯಿತು.

ಎರಡನೆಯ ಸಲ ಯಾರೂ ಮಾತಾಡಲಿಲ್ಲ. ಒಡಲನ್ನು ಬೆಂಕಿಯ ನಡುವಿಗೆ, ಉಕ್ಕನ್ನು ತುಸು ಹೊರಕ್ಕೆ ಇರಿಸಿ, ಕೊನೆಯ ಗಳಿಗೆಯಲ್ಲಿ ಮಾತ್ರ ಬಾಚಿಯನ್ನು ತಿರುವಿದರು. ಮೈ ತುಪ್ಪ ಸವರಿದಂತೆ ಹೊಳೆಯಬೇಕು ಎಂಬುದು ಅವರ ಅಳತೆ. ಪುಸ್ತಕದ ಅಳತೆಯಲ್ಲಿ ಅದು 1200 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ಹೊಳಪು ಬಂದದ್ದೇ ತಡ, ಬಾಚಿ ಅಡಿಗಲ್ಲಿನ ಮೇಲಿತ್ತು. ಮೊದಲ ಏಟುಗಳು ನಾನು ಊಹಿಸಿದಷ್ಟು ಬಲವಾಗಿರಲಿಲ್ಲ. ಹಸುಗೂಸಿನ ಬೆನ್ನು ತಟ್ಟಿದ ಹಾಗೆ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ, ಬೇಗಬೇಗ. ಕರಗಿದ ಕಿಟ್ಟ ಎಲ್ಲ ಕಡೆ ಸಿಡಿಯಿತು. ಮತ್ತೆ ಬೆಂಕಿ, ಮತ್ತೆ ಏಟು, ಈಗ ಬಲವಾಗಿ. ತಣ್ಣಗಾದ ಮೇಲೆ ಪಕ್ಕದ ಮೈಯನ್ನು ಅರದಿಂದ ಉಜ್ಜಿ ತೋರಿಸಿದರು. ಕಬ್ಬಿಣ ಮತ್ತು ಉಕ್ಕು ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ, ಅಷ್ಟೇ. ಬಿರುಕಿಲ್ಲ.

ನನ್ನ ಪ್ರಶ್ನೆಗೆ ಆಗ ಉತ್ತರ ಸಿಕ್ಕಿತು. ಕುಲುಮೆಗಳು ಕತ್ತಲಾಗಿರುವುದು ಬಡತನದಿಂದ ಎಂದು ನಾನು ತಿಳಿದಿದ್ದೆ. ಬಿಸಿಲಿನಲ್ಲಿ ಮಂದ ಕೆಂಪು ಕಾಣುವುದಿಲ್ಲ. ಕಿತ್ತಳೆಯೂ ಕೆಂಪಿನಂತೆ ತೋರುತ್ತದೆ. ಕಾದ ಕಬ್ಬಿಣ ತಾನೇ ಬೆಳಕು ಬೀರುತ್ತದೆಯಾದ್ದರಿಂದ ಅದನ್ನು ಓದಲು ಕತ್ತಲೆ ಬೇಕು. ವಿಜ್ಞಾನದ ಪಾಠದಲ್ಲಿ ಎಂದೂ ಹೊಳೆಯದ ಈ ಮಾತು ಗೋಣಿತಟ್ಟಿನಿಂದ ಹೊಳೆಯಿತು.

ಇದ್ದಿಲು ಮತ್ತೆ ಕೂಡಿಸುವ ಬಿಡುವಿನಲ್ಲಿ ‘ಉಕ್ಕು’ ಎಂಬ ನಮ್ಮ ಪದದ ಬಗೆಗೆ ಆ ಹುಡುಗಿಗೆ ಒಂದು ಸಂಗತಿ ಹೇಳಿದೆ. ಇಲ್ಲಿನ ಎಳೆಯ ಓದುಗರಿಗೂ ಹೇಳುತ್ತೇನೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ, ಮುಂಬಯಿಯಿಂದ ಲಂಡನ್ನಿಗೆ ಬಂದ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸಿ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದರು. ಆ ಉಕ್ಕಿಗೆ ಅಲ್ಲಿ ಅವರು ಬರೆದ ಹೆಸರು ‘ವೂಟ್ಸ್’. ಅದು ನಮ್ಮ ‘ಉಕ್ಕು’ ಪದವೇ ರೂಪಗೆಟ್ಟದ್ದು ಎಂದು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ವಿದ್ಯುತ್ತಿನ ಪಾಠದಲ್ಲಿ ಬರುವ ಮೈಕೆಲ್ ಫ್ಯಾರಡೆಯವರೂ ಅದರ ಗುಟ್ಟನ್ನು ಹುಡುಕಲು ಪ್ರಯೋಗಗಳನ್ನು ನಡೆಸಿದರು. ದಕ್ಷಿಣದ ಕಮ್ಮಾರರು ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿ ಮತ್ತು ಹಸಿ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ತಾಸುಗಟ್ಟಲೆ ಕಾಸಿ ಅದನ್ನು ಪಡೆಯುತ್ತಿದ್ದರು. ಕಡ್ಡಿ, ಎಲೆಗಳ ಇಂಗಾಲ ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. “ತಂಗಡಿ ನಮ್ಮ ಹೊಲದ ಬದುವಿನ್ಯಾಗೂ ಐತಿ” ಎಂದಳು ಹುಡುಗಿ. ಪೇಟೆಯಲ್ಲಿ ಅವಳು ಬಾಚಿಗೆ ವಾಕಸ ಎನ್ನುತ್ತಾಳೆ, ಅಡಿಗಲ್ಲಿಗೆ ಐರಣ, ಉಳಿಗೆ ಪಟಾಶಿ. ಕುಲುಮೆಯ ಒಳಗೆ ಬಂದರೆ ತಾನಾಗಿ ಕನ್ನಡದ ಹೆಸರುಗಳು ಬರುತ್ತವೆ. ಎರಡೂ ಅವಳವೇ.

ಇನ್ನುಳಿದದ್ದು ಹದ. ನೋಡಲು ಬಾಚಿ ಈಗಾಗಲೇ ಸಿದ್ಧವಾಗಿತ್ತು, ಆದರೆ ಬಾಯಿ ಇನ್ನೂ ಮೆದು. ಉಕ್ಕನ್ನು ಹೊಳೆಯುವ ಕೆಂಪಿಗೆ ಕಾಸಿ ಥಟ್ಟನೆ ನೀರಿಗದ್ದಿದರೆ ಒಳಗೆ ಕರಗಿದ್ದ ಇಂಗಾಲಕ್ಕೆ ಹೊರಬರಲು ಸಮಯವಿಲ್ಲದೆ ಅಲ್ಲಿಯೇ ಸೆರೆಯಾಗುತ್ತದೆ. ಉಕ್ಕು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಒಡೆಯುತ್ತದೆ ಕೂಡ. ಆ ಗಡಸನ್ನು ಬೇಕಾದಷ್ಟೇ ಇಳಿಸಬೇಕು. ಬಡಗಿ ಬೆಳಗ್ಗೆ “ಸ್ವಲ್ಪ ಇಳಸು” ಎಂದದ್ದು ಇದಕ್ಕೆ.

ಕಮ್ಮಾರರು ಮೊದಲು ಕಾದ ಕಬ್ಬಿಣದ ತುಂಡೊಂದನ್ನು ನೀರಿನ ದೋಣಿಯಲ್ಲಿ ಮುಳುಗಿಸಿ ನೀರನ್ನು ಬೆಚ್ಚಗಾಗಿಸಿದರು. ತಣ್ಣೀರಾದರೆ ಉಕ್ಕು ಬಿರಿಯುವ ಭಯ. ಬಾಚಿಯ ಬಾಯಿ ಕೆಂಪೇರಿದಾಗ ಎರಡು ಬೆರಳಿನಷ್ಟು ಮಾತ್ರ ನೀರಿಗಿಳಿಸಿ, ಒಂದೇ ಗೆರೆಯಲ್ಲಿ ನಿಲ್ಲಿಸದೆ ಮೇಲೆ ಕೆಳಗೆ ಆಡಿಸಿದರು. ನೀರು ಬುಸುಗುಟ್ಟಿತು. ಹೊರತೆಗೆದವರೇ ಇಟ್ಟಿಗೆಯ ತುಂಡಿನಿಂದ ಬಾಯಿಯನ್ನು ನಾಲ್ಕು ಸಲ ಉಜ್ಜಿ ಬೆಳ್ಳಗೆ ಮಾಡಿ, ಕತ್ತಲಿನಿಂದ ಬಾಗಿಲ ಬೆಳಕಿಗೆ ಓಡಿಬಂದರು. ಮಗಳೂ ಓಡಿಬಂದಳು.

ಈ ಬಣ್ಣಗಳು ಬೆಂಕಿಯೊಳಗಿನ ಬಣ್ಣಗಳಂತಲ್ಲ. ಬಾಯಿ ತಣಿದಿದ್ದರೂ ಒಡಲಲ್ಲಿ ಕಾವು ಉಳಿದಿರುತ್ತದೆ. ಅದು ಮೆಲ್ಲನೆ ಬಾಯಿಯ ಕಡೆ ಹರಿಯುವಾಗ ಉಜ್ಜಿದ ಉಕ್ಕಿನ ಮೇಲೆ ಅತಿ ತೆಳುವಾದ ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ, ಮಳೆ ಬಿದ್ದ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಬಣ್ಣ ಕಾಣುವ ಹಾಗೆ. ಹೊರಗಿನ ಬೆಳಕು ಬಿದ್ದರೆ ಮಾತ್ರ ಇದು ಕಾಣುತ್ತದೆ. ಕಾವಿನ ಬಣ್ಣಕ್ಕೆ ಒಳಗಿನ ಕತ್ತಲು, ಹದದ ಬಣ್ಣಕ್ಕೆ ಹೊರಗಿನ ಬೆಳಕು. ಕಮ್ಮಾರರು ದಿನಕ್ಕೆ ನೂರು ಸಲ ಹೊಸ್ತಿಲು ದಾಟುವುದು ಹೀಗಾಗಿ.

“ಕಣಿಕಿ” ಎಂದಳು ಹುಡುಗಿ. ಒಣಗಿದ ಜೋಳದ ದಂಟಿನ ಬಣ್ಣ ಬಾಚಿಯ ಬೆನ್ನಿನ ಕಡೆಯಿಂದ ಹೊರಟಿತ್ತು. “ಕಣಿಕಿ ಬಾಯಿಗೆ ಬಂತು. ಬೆಲ್ಲ… ಬೆಲ್ಲ ಹೊಂಟಿತು.” ಹಳದಿ ಕಂದಾಗುತ್ತಿತ್ತು. ಅದರ ಹಿಂದೆಯೇ ಬದನೆಕಾಯಿಯ ನೇರಳೆ, ಅದರ ಹಿಂದೆ ನವಿಲುಗೊರಳಿನ ನೀಲಿ, ಒಂದನ್ನೊಂದು ಅಟ್ಟಿಕೊಂಡು ಬರುತ್ತಿದ್ದವು. ಕಣಿಕಿ ಎಂದರೆ ಸುಮಾರು 220ರಿಂದ 230 ಡಿಗ್ರಿ, ಬೆಲ್ಲ 250ರ ಆಚೆ, ಬದನೆ 275ರ ಹತ್ತಿರ, ನವಿಲು 300ರ ಸಮೀಪ. ನಯವಾದ ಕೆತ್ತನೆಯ ಉಳಿಗೆ ಕಣಿಕಿಯಲ್ಲೇ ನಿಲ್ಲಿಸಬೇಕಂತೆ. ಏಟು ತಿನ್ನುವ ಬಾಚಿಗೆ ಮುಂದೆ ಬಿಡಬೇಕು. ಎಷ್ಟು ಮುಂದೆ ಎಂಬುದೇ ಪ್ರಶ್ನೆ. ಹೋದ ಸಲ ಬೆಲ್ಲ ಪೂರ್ತಿ ಬರುವ ಮೊದಲೇ ನಿಲ್ಲಿಸಿದ್ದರು, ಚೂರು ಹಾರಿತ್ತು. ಈಗ ಬಾಯಿಯ ಅಂಚಿನಲ್ಲಿ ಬೆಲ್ಲ ತುಂಬಿ, ಬದನೆಯ ಮೊದಲ ನೆರಳು ಮುಟ್ಟಿತೋ ಇಲ್ಲವೋ ಎನ್ನುವಾಗ ಬಾಚಿ ಮತ್ತೆ ನೀರಿನಲ್ಲಿತ್ತು.

ಈ ನಾಲ್ಕು ಹೆಸರುಗಳನ್ನು ನಾನು ಯಾವ ಪುಸ್ತಕದಲ್ಲೂ ಈ ಅರ್ಥದಲ್ಲಿ ಓದಿಲ್ಲ. ಮನೆಯಲ್ಲಿ ಅಜ್ಜನಿಂದ ಬಂದವಂತೆ. ಕಲಿಸುವುದಕ್ಕೆಂದು ಕಲಿಸಿದ್ದಲ್ಲ, ಪಂಖ ತಿರುಗಿಸುತ್ತ ಮಗಳು ತಾನೇ ಕೇಳಿ ಕಲಿತಳು ಎಂದರು ತಂದೆ. ಸುತ್ತಿಗೆಯನ್ನೂ ಕಲಿಸುವಿರಾ ಎಂದು ಕೇಳಿದ್ದಕ್ಕೆ ನಕ್ಕು ಸುಮ್ಮನಾದರು. ಉಕ್ಕು ಸುಡುತ್ತಿರುವುದನ್ನು ಅಂದು ಮೊದಲು ಕಂಡವಳು ಅವಳೇ ಎಂಬುದನ್ನು ಅವರಿಗೆ ನೆನಪಿಸಬೇಕೆನಿಸಿತು. ಮಾತಾಡಿಸಿ ಒಮ್ಮೆ ಕೆಡಿಸಿದವನು ಮತ್ತೆ ಬಾಯಿ ಬಿಡುವುದು ಸರಿಯಲ್ಲವೆಂದು ಬಿಟ್ಟೆ.

ಹಿಂದೆ ಕಮ್ಮಾರ, ಬಡಗಿ ಇಬ್ಬರೂ ಊರಿನ ಆಯಗಾರರು. ಮರಾಠಿಯವರ ಲೆಕ್ಕದಲ್ಲಿ ಹನ್ನೆರಡು ಬಲುತೇದಾರರಲ್ಲಿ ಇಬ್ಬರು. ರಾಶಿಯ ಕಾಲಕ್ಕೆ ರೈತರ ಕಣದಿಂದ ಇಬ್ಬರಿಗೂ ಜೋಳ ಬರುತ್ತಿತ್ತು. ತಮ್ಮತಮ್ಮೊಳಗೆ ಈ ಎರಡು ಮನೆತನಗಳು ಕಾಳನ್ನಾಗಲಿ ಹಣವನ್ನಾಗಲಿ ಎಣಿಸಿದವಲ್ಲ. ಇವರು ಅವರಿಗೆ ಬಾಚಿ, ಉಳಿ ಮಾಡಿಕೊಟ್ಟರೆ ಅವರು ಇವರಿಗೆ ಸುತ್ತಿಗೆಯ ಕಾವು, ತಿದಿಯ ಹಲಗೆ ಮಾಡಿಕೊಟ್ಟರು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವ ದಿನವಂತೂ ಇಬ್ಬರೂ ಒಂದೇ ಬೆಂಕಿಯ ಎರಡು ಬದಿಗೆ ನಿಲ್ಲುತ್ತಿದ್ದರು. ಟ್ರ್ಯಾಕ್ಟರು ಬಂದ ಮೇಲೆ ಬಂಡಿ, ನೇಗಿಲು ಕಡಿಮೆಯಾದವು. ಬಡಗಿಯ ಮಕ್ಕಳು ಸೊಲ್ಲಾಪುರದಲ್ಲಿ ವಿದ್ಯುತ್ ಯಂತ್ರಗಳಿಂದ ಪ್ಲೈವುಡ್ಡಿನ ಕೆಲಸ ಮಾಡುತ್ತಾರೆ. ಅವರಿಗೆ ಬಾಚಿ ಬೇಡ, ಉಳಿಯೂ ಪೇಟೆಯದೇ ಸಾಕು. ಕಾರ್ಖಾನೆಯ ಉಳಿಗಳೆಲ್ಲ ಕೆಟ್ಟವೆನ್ನುವುದು ಅನ್ಯಾಯ. ಒಳ್ಳೆಯವೂ ಇವೆ, ಒಂದರಂತೆ ಇನ್ನೊಂದು ಇರುತ್ತದೆ. ಆದರೆ ಜಾಲಿ ಗಂಟಿಗೆ ಚೂರು ಹಾರಿತೆಂದು ಹೇಳಿದರೆ ಮುಂದಿನ ಸಲ ಬೆಲ್ಲದಿಂದ ಬದನೆಗೆ ಸರಿಸುವವರು ಅಲ್ಲಿಲ್ಲ. ಈ ಕುಲುಮೆಗೆ ಈಗ ಬಾಚಿ ಹಿಡಿದು ಬರುವವರು ಮೂರೇ ಮಂದಿ. ಮೂವರೂ ವಯಸ್ಸಾದವರು. ಕಮ್ಮಾರರಿಗೆ ಕೆಲಸಕ್ಕೆ ಕೊರತೆಯಿಲ್ಲ. ಕುಡುಗೋಲು, ಕುರ್ಪಿ, ಮಚ್ಚು, ಕೊಟ್ಟಿಗೆಯ ಗೇಟಿನ ಕೊಂಡಿ ದಿನವೂ ಬರುತ್ತವೆ. ಕೊರತೆ ಇರುವುದು ಹದ ಹೀಗಿತ್ತು, ಹಾಗಿರಲಿಲ್ಲ ಎಂದು ತಿರುಗಿ ಬಂದು ಹೇಳುವವರದು. ಕುಡುಗೋಲು ಕೊಂಡವರು ಅಷ್ಟು ಸೂಕ್ಷ್ಮ ಹೇಳುವುದಿಲ್ಲ ಎಂದು ಅವರೇ ಅಂದರು.

ಬಡಗಿ ಕಾವನ್ನು ತೂರಿಸಿ ಬೆಣೆ ಹೊಡೆದರು. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸುತ್ತ ಅರ್ಧ ಗಂಟೆ ಹರಿತ ಹಿಡಿದರು. ಆಮೇಲೆ ಬೇವಿನ ಮರದ ಕೆಳಗೆ ಕುಳಿತು, ಅಲ್ಲೇ ಬಿದ್ದಿದ್ದ ಜಾಲಿಯ ದಿಮ್ಮಿಯನ್ನು ಕಾಲಿನಿಂದ ಒತ್ತಿ ಗಂಟಿನ ಮೇಲೆಯೇ ಬಾಚಿಯಾಡಿಸಿದರು. ಹತ್ತು ಏಟು, ಇಪ್ಪತ್ತು ಏಟು. ಚಕ್ಕೆಗಳು ಸುರುಳಿಯಾಗಿ ಮಡಿಲಿಗೆ ಬಿದ್ದವು. ಬಾಚಿಯನ್ನೆತ್ತಿ ಬಾಯಿಯನ್ನು ಬಿಸಿಲಿನ ಕಡೆ ತಿರುಗಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ಹರಿತವಾದ ಬಾಯಿಯ ಅಂಚು ಕಣ್ಣಿಗೆ ಕಾಣಬಾರದು; ಬಿಳಿಯ ಗೆರೆ ಕಂಡರೆ ಅಲ್ಲಿ ಮೊಂಡಾಗಿದೆ ಎಂದರ್ಥ, ಚುಕ್ಕೆ ಕಂಡರೆ ಚೂರು ಹಾರಿದೆ ಎಂದರ್ಥ. ನನಗೂ ತೋರಿಸಿದರು. ಏನೂ ಕಾಣಲಿಲ್ಲ.

ಅವರು ಹೊಗಳಲಿಲ್ಲ. ಬೆನ್ನಿನ ಮೂರು ಚುಕ್ಕೆಗಳನ್ನು ಹೆಬ್ಬೆರಳಿನಿಂದ ಒರೆಸಿ, ಬಾಯಿಗೆ ಬಟ್ಟೆ ಸುತ್ತಿ ಚೀಲಕ್ಕಿಳಿಸಿದರು. ಕೈಗೆ ಕೊಟ್ಟ ಹಣವನ್ನು ಕಮ್ಮಾರರು ಎಣಿಸದೆ ಜೇಬಿಗಿಟ್ಟರು.

“ನನ್ನ ಆಯುಷ್ಯಕ್ಕ ಇದು ಸಾಕು ತಮ್ಮಾ.”

“ಸವೀಲಿ ತಗೋರಿ ಕಾಕಾ, ಮತ್ತ ಹಾಕೋಣು. ಅರ ಇನ್ನೂ ಅರ್ಧ ಉಳದೈತಿ.”

ಒಳಗೆ ಹುಡುಗಿ ಇದ್ದಿಲಿನ ಮೇಲೆ ನೀರು ಚಿಮುಕಿಸಿ, ಉರಿಯದೆ ಉಳಿದವನ್ನು ನಾಳೆಗೆಂದು ಒಂದೊಂದಾಗಿ ಬುಟ್ಟಿಗೆ ಆರಿಸುತ್ತಿದ್ದಳು.